ಲಾನ್ ಚೇನಿ ಐದು ಚಿತ್ರಗಳ ಡಿವಿಡಿ ಪೆಟ್ಟಿಗೆ: ನಟನೆ ಅಪ್ಪಟ, ಪ್ರತಿ ಕಳಪೆ

ಬಳ್ಳಾರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತ, ವರ್ಷಕ್ಕೆ ಎರಡು ಮೂರು ನಾಟಕಗಳಿಗೆ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವ ನನಗೆ ಅಮೆರಿಕದ ಮೂಕಿ ಚಿತ್ರಗಳ ನಟ ಲಾನ್ ಚೇನಿ ಎಂಬ ಹೆಸರು ಪ್ರಸಾಧನದ ಪುಸ್ತಕಗಳಿಂದ ಗೊತ್ತಿತ್ತೇ ಹೊರತು, ಅವರ ಒಂದು ಚಿತ್ರವನ್ನೂ ಪೂರ್ತಿಯಾಗಿ ನೋಡಿರಲಿಲ್ಲ. ಹಾಗಾಗಿ ಅವರ ಐದು ಮೂಕಿ ಚಿತ್ರಗಳ ಡಿವಿಡಿ ಪೆಟ್ಟಿಗೆಯೊಂದು 1,499 ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುತ್ತದೆಂದು ತಿಳಿದಾಗ ಹೆಚ್ಚು ಯೋಚಿಸದೆ ತರಿಸಿಕೊಂಡೆ. ಎರಡನೆಯ ಡಿಸ್ಕ್ ನಲವತ್ತನೆಯ ನಿಮಿಷಕ್ಕೆ ನಿಂತುಬಿಡುತ್ತಿತ್ತು. ಮಾರಿದವರು ಹದಿನೈದು ದಿನ ಕಾಯಿಸಿ ಬೇರೆ ಕಳಿಸಿದರು. ಅದು ಸಣ್ಣ ಮಾತು. ನನ್ನ ದೊಡ್ಡ ತಕರಾರು ಇರುವುದು ಈ ಪೆಟ್ಟಿಗೆಯನ್ನು ಸಿದ್ಧಪಡಿಸಿದವರು ಆ ನಟನನ್ನು ಅರ್ಥ ಮಾಡಿಕೊಂಡ ರೀತಿಯ ಬಗ್ಗೆ.

ಹೊದಿಕೆಯ ಮೇಲೆ ತಲೆಬುರುಡೆ, ರಕ್ತದ ಹನಿ, ‘ಭಯಾನಕ ಚಿತ್ರಗಳ ದೊರೆ’ ಎಂಬ ಅರ್ಥದ ಇಂಗ್ಲಿಷ್ ಬರಹ. ಆದರೆ ಒಳಗಿರುವ ಐದರಲ್ಲಿ ಹೆದರಿಸಲೆಂದೇ ಮಾಡಿದ ಚಿತ್ರ ‘ದ ಫ್ಯಾಂಟಮ್ ಆಫ್ ದಿ ಆಪೆರಾ’ (1925) ಒಂದೇ. ಚೇನಿ ಮೂಲತಃ ಪಾತ್ರಕ್ಕೆ ತಕ್ಕಂತೆ ತಮ್ಮನ್ನೇ ಬದಲಿಸಿಕೊಳ್ಳುವ ನಟರು. 1883ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕಿವುಡ ತಂದೆತಾಯಿಗಳಿಗೆ ಹುಟ್ಟಿ, ಮನೆಯಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತ ಬೆಳೆದವರು. ಊರೂರು ಸುತ್ತುವ ನಾಟಕ ಕಂಪನಿಗಳಲ್ಲಿ ದುಡಿದು, ಆಮೇಲೆ ಯೂನಿವರ್ಸಲ್ ಕಂಪನಿಯ ಚಿತ್ರಗಳಲ್ಲಿ ವರ್ಷಗಟ್ಟಲೆ ಸಣ್ಣಪುಟ್ಟ ವೇಷ ಕಟ್ಟಿದವರು. 1880ರಲ್ಲಿ ಹುಟ್ಟಿದ ನಮ್ಮ ಬಳ್ಳಾರಿ ರಾಘವರಿಗಿಂತ ಮೂರೇ ವರ್ಷ ಚಿಕ್ಕವರು ಎಂಬುದು ಲೆಕ್ಕ ಹಾಕಿದ ಮೇಲೆ ಹೊಳೆಯಿತು. ರಾಘವರ ರಂಗಾಭಿನಯ ನಮ್ಮ ಪಾಲಿಗೆ ಹಿರಿಯರ ಬಾಯಿಂದ ಕೇಳಿದ ಮಾತಾಗಿ ಉಳಿದಿದೆ. ಚೇನಿಯವರದು ಕಣ್ಣಿಗೆ ಕಾಣುವಂತೆ ಉಳಿದಿದೆ, ಅದೂ ಅರೆಬರೆಯಾಗಿ. ಅವರಿಗೆ ಹೆಸರು ತಂದ ‘ದ ಮಿರಾಕಲ್ ಮ್ಯಾನ್’ (1919) ಚಿತ್ರದಲ್ಲಿ ಈಗ ಸಿಗುವುದು ಕೆಲವು ನಿಮಿಷಗಳ ತುಣುಕು ಮಾತ್ರ.

ಈ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಮೊದಲ ಡಿಸ್ಕಿನಲ್ಲಿ. ‘ದ ಪೆನಾಲ್ಟಿ’ (1920) ಚಿತ್ರದಲ್ಲಿ ಚೇನಿ, ಬಾಲ್ಯದಲ್ಲಿ ವೈದ್ಯನ ತಪ್ಪಿನಿಂದ ಎರಡೂ ಕಾಲು ಕಳೆದುಕೊಂಡು, ಸ್ಯಾನ್ ಫ್ರಾನ್ಸಿಸ್ಕೊದ ಕಳ್ಳರ ಲೋಕಕ್ಕೆ ಯಜಮಾನನಾದವನ ಪಾತ್ರ ಮಾಡಿದ್ದಾರೆ. ಕಾಲುಗಳನ್ನು ಹಿಂದಕ್ಕೆ ಮಡಿಸಿ, ತೊಡೆಗೆ ಬಿಗಿಯಾಗಿ ಕಟ್ಟಿ, ಚರ್ಮದ ಗೂಡುಗಳಲ್ಲಿ ಮೊಣಕಾಲೂರಿ ನಡೆದಿದ್ದಾರೆ. ಆ ಕಟ್ಟನ್ನು ಒಂದು ಸಲಕ್ಕೆ ಕೆಲವೇ ನಿಮಿಷ ತಾಳಿಕೊಳ್ಳಲು ಆಗುತ್ತಿತ್ತು. ಆದರೆ ನೋಡುವಾಗ ಈ ಕಸರತ್ತು ನೆನಪಿಗೇ ಬರುವುದಿಲ್ಲ. ಆತ ಪಿಯಾನೊ ನುಡಿಸಲು ಕುಳಿತಾಗ, ಹೆಂಗಸೊಬ್ಬಳು ಕೆಳಗೆ ಕುಳಿತು ಅವನ ಬದಲಿಗೆ ಪೆಡಲ್ ಒತ್ತುತ್ತಾಳೆ. ಸಂಗೀತದಲ್ಲಿ ಮುಳುಗಿದ ಮುಖ ಮೇಲೆ, ಅವನ ಕಾಲಾಗಿ ಕೆಲಸ ಮಾಡುವ ಹೆಂಗಸು ಕೆಳಗೆ: ಆ ಮನುಷ್ಯನ ದರ್ಪ ಮತ್ತು ಕೊರತೆ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ.

ಈ ಚಿತ್ರವನ್ನು ಸಿರುಗುಪ್ಪ ಕಡೆಯ ಬಯಲಾಟದ ಹಿರಿಯ ಕಲಾವಿದರೊಬ್ಬರನ್ನು ಮನೆಗೆ ಕರೆದು ತೋರಿಸಿದೆ. ಅರ್ದಳ, ಇಂಗಳೀಕ, ಕಾಡಿಗೆಯಂಥ ಮುಖಬಣ್ಣಗಳಲ್ಲಿ ಅರ್ಧ ಆಯುಷ್ಯ ಕಳೆದವರು ಅವರು. ಇಂಗ್ಲಿಷ್ ಬರಹ ಬಂದಾಗಲೆಲ್ಲ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲೇ ಅವರು, “ಸುಮ್ಮನಿರ್ರಿ ಮಾಸ್ತರ, ಅಂವ ಹೇಳಾಕತ್ಯಾನಲ್ಲ” ಎಂದು ನನ್ನ ಬಾಯಿ ಮುಚ್ಚಿಸಿದರು.

‘ಹೀ ಹೂ ಗೆಟ್ಸ್ ಸ್ಲ್ಯಾಪ್ಡ್’ (1924) ನನಗೆ ಎಲ್ಲಕ್ಕಿಂತ ಹಿಡಿಸಿತು. ವಿಜ್ಞಾನಿಯೊಬ್ಬನ ಸಂಶೋಧನೆಯನ್ನೂ ಹೆಂಡತಿಯನ್ನೂ ಆಶ್ರಯದಾತನೇ ಕಸಿದುಕೊಂಡು, ಪಂಡಿತರ ಸಭೆಯಲ್ಲಿ ಅವನ ಕಪಾಳಕ್ಕೆ ಹೊಡೆದಾಗ ಸಭೆಯೆಲ್ಲ ನಗುತ್ತದೆ. ಆ ವಿಜ್ಞಾನಿ ಸರ್ಕಸ್ಸಿಗೆ ಸೇರಿ, ದಿನವೂ ಹೊಡೆಸಿಕೊಂಡು ನಗಿಸುವ ವಿದೂಷಕನಾಗುತ್ತಾನೆ. ಇಲ್ಲಿ ಬಿಳಿ ಬಣ್ಣ ಬಿಟ್ಟರೆ ಹೇಳಿಕೊಳ್ಳುವಂಥ ಪ್ರಸಾಧನವೇ ಇಲ್ಲ. ‘ಸಾವಿರ ಮುಖಗಳ ಮನುಷ್ಯ’ ಎಂಬ ಚೇನಿಯವರ ಬಿರುದನ್ನು ಮೇಣ, ಅಂಟುಗಳಿಗಷ್ಟೇ ಕಟ್ಟಿಹಾಕುವವರು ಈ ಚಿತ್ರವನ್ನು ನೋಡಬೇಕು. ‘ಆಲಿವರ್ ಟ್ವಿಸ್ಟ್’ (1922) ಇರಲಿ ಎಂದು ಸೇರಿಸಿದಂತಿದೆ. ಕಳ್ಳರ ಗುರು ಫೇಗಿನ್ ಪಾತ್ರದ ಬಾಗಿದ ಬೆನ್ನು, ಬೆರಳಾಟಕ್ಕಾಗಿ ಒಮ್ಮೆ ನೋಡಬಹುದು.

ಇನ್ನು ದೋಷಗಳು. ಮೂಕಿ ಕಾಲದ ಕ್ಯಾಮೆರಾವನ್ನು ಹೆಚ್ಚಾಗಿ ಕೈಯಿಂದ ತಿರುಗಿಸುತ್ತಿದ್ದುದರಿಂದ ಒಂದೊಂದು ಚಿತ್ರದ ವೇಗ ಒಂದೊಂದು ಬಗೆ. ಅದನ್ನು ಗಮನಿಸದೆ ಎಲ್ಲವನ್ನೂ ಇಂದಿನ ವೇಗದಲ್ಲಿ ಓಡಿಸಿದರೆ ಜನರು ಇರುವೆ ಮುಟ್ಟಿದವರಂತೆ ತಡಬಡಿಸುತ್ತಾರೆ. ‘ದ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ (1923) ಇಲ್ಲಿ ಹಾಗೇ ಆಗಿದೆ. ಛಡಿಯೇಟು ತಿಂದು ನೀರಿಗಾಗಿ ಹಂಬಲಿಸುವ ಗೂನುಬೆನ್ನಿನ ಕ್ವಾಸಿಮೋಡೊನಿಗೆ ಎಸ್ಮೆರಾಲ್ಡಾ ನೀರು ಕುಡಿಸುವ ದೃಶ್ಯದಲ್ಲಿ ಆ ಮುಖ ನಿಧಾನಕ್ಕೆ ಮೆತ್ತಗಾಗುವುದನ್ನು ಕಾಣಬೇಕು, ಕಾಣುವಷ್ಟರಲ್ಲಿ ಮುಗಿದುಹೋಗುತ್ತದೆ. ಚಿತ್ರ ಮಸುಕಾಗಿರುವುದನ್ನು ಮಾತ್ರ ಕ್ಷಮಿಸಬಹುದು. ಇದರ ಮೂಲ 35 ಮಿ.ಮೀ. ನೆಗೆಟಿವ್ ಉಳಿದಿಲ್ಲ, ಇರುವುದು 16 ಮಿ.ಮೀ. ಪ್ರತಿಗಳೇ.

‘ಫ್ಯಾಂಟಮ್’ ವಿಷಯದಲ್ಲಿ ಕ್ಷಮೆಗೂ ಜಾಗವಿಲ್ಲ. ಅದರ ಮುಖವಾಡದ ನೃತ್ಯಕೂಟವನ್ನು ಎರಡು ಬಣ್ಣಗಳ ಟೆಕ್ನಿಕಲರ್‌ನಲ್ಲಿ ತೆಗೆದಿದ್ದರು. ಆ ಬಣ್ಣದ ಭಾಗ ಉಳಿದಿದ್ದರೂ ಈ ಡಿಸ್ಕಿನಲ್ಲಿ ಅದು ಬರೀ ಕಪ್ಪುಬಿಳುಪು. ಆದರೂ ಮುಖವಾಡ ಕಳಚುವ ದೃಶ್ಯಕ್ಕೆ ಇಷ್ಟು ಕಳಪೆ ಪ್ರತಿಯಿಂದಲೂ ಧಕ್ಕೆಯಾಗಿಲ್ಲ: ಆರ್ಗನ್ ನುಡಿಸುತ್ತಿರುವವನ ಹಿಂದಿನಿಂದ ಹುಡುಗಿ ಮುಖವಾಡ ಎಳೆದಾಗ ಆ ಮುಖ ನಮಗೆ ಮೊದಲು ಕಾಣುತ್ತದೆ, ಅವಳಿಗೆ ಆಮೇಲೆ. ಎಲ್ಲ ಡಿಸ್ಕುಗಳಿಗೂ ಒಂದೇ ಪಿಯಾನೊ ಸಂಗೀತ ಅಂಟಿಸಿದ್ದಾರೆ. ನಾನು ಧ್ವನಿ ಆರಿಸಿಯೇ ನೋಡಿದೆ.

ಜೊತೆಗಿರುವ ಪುಸ್ತಿಕೆ ಕ್ವಾಸಿಮೋಡೊನ ಗೂನು 70 ಪೌಂಡ್ ತೂಗುತ್ತಿತ್ತೆಂಬ ಹಳೆಯ ಪ್ರಚಾರದ ಕಥೆಯನ್ನೇ ಮತ್ತೆ ಹೇಳುತ್ತದೆ. ಚೇನಿಯವರ ಬದುಕನ್ನು ಶೋಧಿಸಿದವರ ಪ್ರಕಾರ ಅದು ಸುಮಾರು 20 ಪೌಂಡಿನದು. ಅದೇ ಪುಸ್ತಿಕೆಯಲ್ಲಿ ಅವರ ಒಂದೇ ಒಂದು ವಾಕ್ಚಿತ್ರ ‘ದ ಅನ್‌ಹೋಲಿ ಥ್ರೀ’ಯ (1930) ಸುದ್ದಿಯೇ ಇಲ್ಲ. ಅದರಲ್ಲಿ ಐದು ಬಗೆಯ ದನಿಗಳಲ್ಲಿ ಮಾತಾಡಿ, ಅವೆಲ್ಲ ತಮ್ಮವೇ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ ಮನುಷ್ಯ, ಚಿತ್ರ ತೆರೆಕಂಡ ಕೆಲವೇ ವಾರಗಳಲ್ಲಿ, 1930ರ ಆಗಸ್ಟ್ 26ರಂದು, ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗಿ, ಗಂಟಲಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 47.

ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ, ಅಷ್ಟೂ ನಟನಿಗೆ ಸಲ್ಲಬೇಕು. ರಂಗಭೂಮಿಯ ಗೆಳೆಯರು ‘ಪೆನಾಲ್ಟಿ’ ಮತ್ತು ‘ಹೀ ಹೂ ಗೆಟ್ಸ್ ಸ್ಲ್ಯಾಪ್ಡ್’ ಬಿಡಿಯಾಗಿ, ವೇಗ ಸರಿಪಡಿಸಿದ ಒಳ್ಳೆಯ ಪ್ರತಿಯಲ್ಲಿ ಸಿಕ್ಕರೆ ಅವನ್ನೇ ಕೊಳ್ಳಲಿ. ಬಳ್ಳಾರಿಯವರಾದರೆ ನನ್ನಿಂದ ಎರವಲು ಒಯ್ಯಬಹುದು. ‘ಪೆನಾಲ್ಟಿ’ ಮಾತ್ರ ಸದ್ಯ ಸಿರುಗುಪ್ಪದಲ್ಲಿದೆ.