ಸೈಕ್ಲೇಡ್ಸ್: ಯುದ್ಧಕ್ಕಿಂತ ಹರಾಜೇ ಜೋರು

ಗ್ರೀಸ್‌ನ ದ್ವೀಪಗಳ ಮೇಲೆ ನಡೆಯುವ ಸೈಕ್ಲೇಡ್ಸ್ ಅನ್ನುವ ಬೋರ್ಡ್ ಗೇಮ್ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಹರಾಜಿನ ವಿಷಯ. ಪೆಟ್ಟಿಗೆ ತೆಗೆದರೆ ಸೈನಿಕರು, ಹಡಗುಗಳು, ಮೆಡೂಸಾ, ಮಿನೋಟಾರ್, ಕ್ರಾಕನ್‌ನಂಥ ಪುರಾಣದ ಜೀವಿಗಳು ಎಲ್ಲ ಪ್ಲಾಸ್ಟಿಕ್ ಬೊಂಬೆಗಳಾಗಿ ಕೂತಿರುತ್ತವೆ. ಮಕ್ಕಳ ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಇಷ್ಟು ವರ್ಷವಾದರೂ ಈ ಪೆಟ್ಟಿಗೆ ಅಟ್ಟ ಸೇರದೆ ಹಾಲ್‌ನಲ್ಲೇ ಉಳಿದಿದ್ದರೆ ಅದಕ್ಕೆ ಕಾರಣ ಪಕ್ಕದಲ್ಲಿಡುವ ಆ ಹರಾಜಿನ ಹಲಗೆ. (ನಾನು ಹೇಳುತ್ತಿರುವುದು ಬ್ರೂನೋ ಕತಾಲಾ ಮತ್ತು ಲುಡೊವಿಕ್ ಮೊಬ್ಲಾಂ ರೂಪಿಸಿದ 2009ರ ಆಟದ ಬಗ್ಗೆ. ಈಚೆಗೆ ಬಂದ ಲೆಜೆಂಡರಿ ಆವೃತ್ತಿಯನ್ನು ನಾನು ಆಡಿಲ್ಲ.)

ನಿಯಮಗಳನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಸುತ್ತು ಮುಗಿದಾಗ ಎರಡು ಮಹಾನಗರ ಇಟ್ಟುಕೊಂಡವರು ಗೆದ್ದರು, ಅಷ್ಟು ಸಾಕು. ಮಜಾ ಇರುವುದು ಪ್ರತಿ ಸುತ್ತಿನ ಶುರುವಿನಲ್ಲಿ. ಗ್ರೀಕ್ ದೇವರುಗಳಿಗೆ ಕಾಣಿಕೆ ಕೂಗಬೇಕು. ಏರೀಸ್ ಸಿಕ್ಕರೆ ಸೈನ್ಯ, ಪೊಸೈಡನ್ ಸಿಕ್ಕರೆ ಹಡಗು. ಜ್ಯೂಸ್ ಪುರೋಹಿತರನ್ನು ಕೊಡುತ್ತಾನೆ, ಅಥೀನಾ ತತ್ವಜ್ಞಾನಿಗಳನ್ನು. ಕಾಸಿಲ್ಲದವರಿಗೆ ಅಪೊಲೊ ಇದ್ದೇ ಇದ್ದಾನೆ, ಬಿಟ್ಟಿಯಾಗಿ ನಾಣ್ಯ ಕೊಟ್ಟು ಸಮಾಧಾನ ಮಾಡುತ್ತಾನೆ. ಏರೀಸ್ ಸಿಗದಿದ್ದರೆ ದ್ವೀಪದ ತುಂಬ ಸೈನಿಕರಿದ್ದರೂ ಮಾಮೂಲಿಯಾಗಿ ಒಬ್ಬನೂ ಕದಲುವಂತಿಲ್ಲ.

ಚೀಟಿ ಕೂಗುವ ಸಭೆಯಲ್ಲಿ ಕೂತ ಹಾಗೇ ಇರುತ್ತದೆ. ಆದರೆ ಇಲ್ಲೊಂದು ಕಿತಾಪತಿ ಇದೆ. ನಾನು ಏರೀಸ್ ಮೇಲೆ ಮೂರು ನಾಣ್ಯ ಕೂಗುತ್ತೇನೆ. ನನ್ನ ಭಾವಮೈದುನ ನಾಲ್ಕು ಕೂಗಿ "ಭಾವ, ಸ್ವಲ್ಪ ಜರುಗಿ" ಅನ್ನುತ್ತಾನೆ. ನಾನು ಐದು ಅನ್ನುವ ಹಾಗಿಲ್ಲ. ಹೀಗೆ ಜಾಸ್ತಿ ಕೂಗಿದವರು ಎಬ್ಬಿಸಿದ ಮೇಲೆ ಅದೇ ದೇವರ ಹತ್ತಿರ ತಕ್ಷಣ ವಾಪಸ್ ಹೋಗುವಂತಿಲ್ಲ, ಬೇರೆ ಕಡೆಯೇ ಹೋಗಬೇಕು. ಸರಿ, ಪೊಸೈಡನ್ ಹತ್ತಿರ ಹೋಗಿ ಹೆಂಡತಿಯನ್ನು ಎಬ್ಬಿಸುತ್ತೇನೆ. ಅವಳು ನನ್ನನ್ನೊಮ್ಮೆ ನೋಡಿ, ಸೀದಾ ಏರೀಸ್‌ಗೆ ಹೋಗಿ ತಮ್ಮನನ್ನು ಎಬ್ಬಿಸುತ್ತಾಳೆ. ಅವನು ಮತ್ತೆ ನನ್ನ ಹತ್ತಿರ ಬರುತ್ತಾನೆ. ಅವನು ನನ್ನನ್ನು ಎಬ್ಬಿಸಿದರೆ ಆಗ ನನಗೆ ಏರೀಸ್ ದಾರಿ ತೆರೆಯಿತು. ಅಂದರೆ ನಿಜವಾಗಿ ಬೇಕಾದ ದೇವರನ್ನು ಮೊದಲೇ ಕೂಗಬಾರದು. ಬೇಡದ ಕಡೆ ಕಡಿಮೆಗೆ ಕೂಗಿ, ಯಾರಾದರೂ ಎಬ್ಬಿಸಲಿ ಅಂತ ಸುಮ್ನೆ ಕೂರಬೇಕು. ಒಂದೊಂದು ಸಲ ಯಾರೂ ಎಬ್ಬಿಸುವುದೇ ಇಲ್ಲ!

ಈ ಆಟದ ರಾಜಕೀಯವೆಲ್ಲ ಇಲ್ಲೇ ನಡೆಯುತ್ತದೆ. ನಕ್ಷೆಯ ಮೇಲೆ ನಡೆಯುವುದು ಅದರ ಪರಿಣಾಮ ಅಷ್ಟೇ. ಪುರೋಹಿತರು ಜಾಸ್ತಿ ಇದ್ದವರು ಕೂಗಿದ್ದಕ್ಕಿಂತ ಕಡಿಮೆ ಕೊಡುತ್ತಾರೆ, ಒಬ್ಬ ಪುರೋಹಿತನಿಗೆ ಒಂದು ನಾಣ್ಯದ ರಿಯಾಯಿತಿ. ನಮ್ಮ ಮನೆಯಲ್ಲಿ ಜ್ಯೂಸ್‌ಗೆ ಯಾವಾಗಲೂ ನೂಕುನುಗ್ಗಲು.

ನಾಣ್ಯಗಳನ್ನು ಪುಟ್ಟ ತೆರೆಯ ಹಿಂದೆ ಬಚ್ಚಿಡಬೇಕು. ಆದರೆ ಆದಾಯ ಬರುವುದು ಎಲ್ಲರ ಎದುರಿಗೇ, ಹಾಗಾಗಿ ನೆನಪಿರುವವರಿಗೆ ಗುಟ್ಟೇನಿಲ್ಲ. ನಮ್ಮ ಅತ್ತೆ ಆಟ ಆಡುವುದಿಲ್ಲ. ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತಿರುತ್ತಾರೆ. "ಅವನ ಹತ್ರ ಇನ್ನು ಎರಡೇ ಇರೋದು, ಜಾಸ್ತಿ ಕೂಗಬೇಡ" ಅಂತ ಮಗಳಿಗೆ ಹೇಳಿಬಿಡುತ್ತಾರೆ. ಲೆಕ್ಕ ತಪ್ಪಿದ್ದನ್ನು ನಾನಂತೂ ನೋಡಿಲ್ಲ. ನಾಣ್ಯಗಳಿಗೆ ಎರಡು ಸ್ಟೀಲ್ ಬಟ್ಟಲು, ಸೈನಿಕರಿಗೆ ಬಣ್ಣಕ್ಕೊಂದು ಜಿಪ್ ಕವರ್, ಕಾಫಿ ಲೋಟ ಕಡ್ಡಾಯವಾಗಿ ನೆಲದ ಮೇಲೆ. ಇಷ್ಟಾದ ಮೇಲೇ ಆಟ.

ಯುದ್ಧ ಬೇಗ ಮುಗಿಯುತ್ತದೆ. ದಾಳಕ್ಕೆ ಸೈನಿಕರ ಸಂಖ್ಯೆ ಕೂಡಿಸಿ, ಕಡಿಮೆ ಬಂದವರು ಒಬ್ಬನನ್ನು ಕಳೆದುಕೊಳ್ಳುತ್ತಾರೆ. ಬೇಕಾದರೆ ಹಿಂದೆ ಸರಿಯಬಹುದು. ಅದೃಷ್ಟ ಅಲ್ಪಸ್ವಲ್ಪ ಮಾತ್ರ, ನನಗೆ ಇಷ್ಟ.

ಇನ್ನು ಬೈಯುವ ಭಾಗ. ಪೆಗಾಸಸ್, ಅಂದರೆ ರೆಕ್ಕೆಯ ಕುದುರೆಯ ಕಾರ್ಡ್. ಮಾಮೂಲಿಯಾಗಿ ಸೈನ್ಯ ಸಮುದ್ರ ದಾಟಬೇಕಾದರೆ ಹಡಗಿನ ಸಾಲು ಬೇಕು. ಅದನ್ನು ಕಟ್ಟಲು ನಾಲ್ಕಾರು ಸುತ್ತು ಪೊಸೈಡನ್ ಕಾಲು ಹಿಡಿದಿರುತ್ತೀರಿ. ಪೆಗಾಸಸ್ ಕಾರ್ಡ್ ಕೊಂಡವರು ಒಂದು ಹಡಗೂ ಇಲ್ಲದೆ ಸೈನ್ಯವನ್ನು ಹಾರಿಸಿ ನಿಮ್ಮ ಮಹಾನಗರದ ಮೇಲೆ ಇಳಿಸುತ್ತಾರೆ. ಅದೂ ಆಟ ಮುಗಿಯುವ ಸುತ್ತಿನಲ್ಲಿ. ಒಂದೂವರೆ ಗಂಟೆ ಒಬ್ಬರನ್ನೊಬ್ಬರು ಎಬ್ಬಿಸಿ, ಕೂರಿಸಿ, ಹೊಂಚು ಹಾಕಿ ಮಾಡಿದ್ದೆಲ್ಲ ಒಂದು ಕಾರ್ಡ್ ತಿರುಗಿದ್ದಕ್ಕೆ ಹೋಯಿತು ಅಂದರೆ ಹೊಟ್ಟೆ ಉರಿಯುವುದಿಲ್ವಾ? ಈಗೀಗ ನಾವು ಆ ಕಾರ್ಡನ್ನು ಪೆಟ್ಟಿಗೆಯಲ್ಲೇ ಬಿಡುತ್ತೇವೆ. ಭಾವಮೈದುನ ಬಂದ ದಿನ ಮಾತ್ರ ವಾಪಸ್ ಹಾಕಬೇಕು, ಅವನು ಒಪ್ಪುವುದಿಲ್ಲ.

ಇನ್ನೊಂದು ಕೊರಗು ಇತಿಹಾಸ ಓದುವ ಚಟದಿಂದ ಬಂದದ್ದು. ಐದು ಬಣ್ಣಗಳಿಗೆ ಅಥೆನ್ಸ್, ಸ್ಪಾರ್ಟಾ, ಕೊರಿಂತ್, ಥೀಬ್ಸ್, ಆರ್ಗೋಸ್ ಅಂತ ಹೆಸರಿಟ್ಟಿದ್ದಾರೆ. ಆದರೆ ಆಡುವ ರೀತಿಯಲ್ಲಿ ಸ್ಪಾರ್ಟಾಗೂ ಅಥೆನ್ಸ್‌ಗೂ ಏನೂ ವ್ಯತ್ಯಾಸವಿಲ್ಲ. ಇದೇ ದ್ವೀಪಗಳ ಮೇಲೆ ಎಂಥ ರಾಜಕೀಯ ನಡೆದಿದೆ! ಅಥೆನ್ಸ್ ನೇತೃತ್ವದ ಒಕ್ಕೂಟದ ಖಜಾನೆ ಡೆಲೊಸ್ ದ್ವೀಪದಲ್ಲಿತ್ತು, ಕ್ರಿ.ಪೂ. 454ರಲ್ಲಿ ಅದನ್ನು ಅಥೆನ್ಸ್‌ಗೇ ಸಾಗಿಸಿಕೊಂಡರು. ಯಾರ ಕಡೆಗೂ ಸೇರುವುದಿಲ್ಲ ಅಂದ ಮೆಲೊಸ್ ದ್ವೀಪವನ್ನು ಕ್ರಿ.ಪೂ. 416ರಲ್ಲಿ ಮುತ್ತಿ, ಕೈಗೆ ಸಿಕ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಕಪ್ಪ, ಒಕ್ಕೂಟ, ದ್ರೋಹ ಯಾವುದೂ ಆಟದಲ್ಲಿಲ್ಲ. ಬದಲಿಗೆ ನಾಲ್ವರು ತತ್ವಜ್ಞಾನಿಗಳು ಸೇರಿದರೆ ಒಂದು ಮಹಾನಗರ ಎದ್ದು ನಿಲ್ಲುತ್ತದೆ. ಸಾಕ್ರಟೀಸ್‌ಗೆ ವಿಷ ಕೊಟ್ಟವರು ಇದನ್ನು ಕೇಳಿದ್ದರೆ ನಗುತ್ತಿದ್ದರು.

ಕೊಳ್ಳಬೇಕಾ? ಇಬ್ಬರೇ ಆಡುವವರಿಗೆ ಬೇಡ. ಇಬ್ಬರು ಎರಡೆರಡು ದೇವರನ್ನು ಹಿಡಿಯುವುದು ಬರೀ ಲೆಕ್ಕಾಚಾರ, ಎಬ್ಬಿಸುವ ಸುಖವೇ ಇಲ್ಲ. ನಾಲ್ವರು ಚೆನ್ನ, ಐವರು ಇನ್ನೂ ಚೆನ್ನ. ಹೇಡಿಸ್, ಟೈಟನ್ಸ್ ಅಂತ ವಿಸ್ತರಣೆಗಳಿವೆ. ಆಮದು ಸುಂಕ, ಸಾಗಣೆ ಸೇರಿ ಮೂಲ ಪೆಟ್ಟಿಗೆಗೇ ಕೈ ಸುಟ್ಟುಕೊಂಡಿದ್ದರಿಂದ ನಾನು ಅವುಗಳ ತಂಟೆಗೆ ಹೋಗಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಆದರೆ ದುಡ್ಡು ಕೊಡುವ ಮೊದಲು ಎರಡು ದಾಳ ಇದೆಯಾ ನೋಡಿಕೊಳ್ಳಿ. ಅದರ ಮುಖಗಳಲ್ಲಿ 0ಯಿಂದ 3ರವರೆಗೆ ಮಾತ್ರ ಇರುತ್ತದೆ, ಮನೆಯಲ್ಲಿರುವ ಹಾವು-ಏಣಿಯ ದಾಳ ನಡೆಯುವುದಿಲ್ಲ.