ಕ್ಯಾರವಾನಿನ ಶೌಚದ ಟ್ಯಾಂಕ್: ಯಾವ ದ್ರಾವಣ, ಯಾವ ತೊಳೆತ?

ಆಗಷ್ಟೇ ಖಾಲಿ ಮಾಡಿ ಬಂದಿದ್ದ ನಮ್ಮ ಕ್ಯಾರವಾನಿನ (ವಾಸಕ್ಕೆ ಅಣಿಗೊಳಿಸಿದ ವಾಹನದ) ಶೌಚದ ಟ್ಯಾಂಕನ್ನು ಗೋಡೆಯ ಮೇಲಿನ ಸೂಚಕವು ಮೂರರಲ್ಲಿ ಎರಡು ಪಾಲು ತುಂಬಿದೆ ಎಂದು ತೋರಿಸಿದ ದಿನವೇ ನಾನು ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡೆ. ಟ್ಯಾಂಕಿನ ಗೋಡೆಯಲ್ಲಿ ಬೇರೆ ಬೇರೆ ಎತ್ತರದಲ್ಲಿರುವ ಲೋಹದ ಮೊಳೆಗಳ ನಡುವೆ ಹರಿಯುವ ಅಲ್ಪ ವಿದ್ಯುತ್ತನ್ನು ನೋಡಿ ಸೂಚಕವು ಮಟ್ಟವನ್ನು ಅಳೆಯುತ್ತದೆ. ಒದ್ದೆ ಕಾಗದವೋ ಲೋಳೆಯೋ ಆ ಮೊಳೆಗಳಿಗೆ ಮೆತ್ತಿಕೊಂಡರೆ ಖಾಲಿ ಟ್ಯಾಂಕೂ ತುಂಬಿದಂತೆಯೇ ಕಾಣುತ್ತದೆ. ಆದ್ದರಿಂದ ಸುಮಾರು 120 ಲೀಟರಿನ ಅದೇ ಟ್ಯಾಂಕಿನಲ್ಲಿ, ನಾವಿಬ್ಬರೇ ಬಳಸುತ್ತ, ಒಂದೇ ಬಗೆಯ ಕಾಗದವನ್ನು ಹಾಕುತ್ತ, ಮೂರು ದ್ರಾವಣಗಳನ್ನೂ ನಾಲ್ಕು ತೊಳೆಯುವ ವಿಧಾನಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ.

ಮೊದಲನೆಯದು ಸೂಕ್ಷ್ಮಾಣುಗಳನ್ನು ಕೊಲ್ಲುವ ನೀಲಿ ರಾಸಾಯನಿಕ. ನಾತವನ್ನು ಅಡಗಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಬಿರುಬಿಸಿಲಿನ ವಾರದಲ್ಲಿಯೂ ಕಮೋಡಿನ ಮುಚ್ಚಳ ತೆರೆದಾಗ ಮೂಗು ಮುಚ್ಚಿಕೊಳ್ಳಬೇಕಾಗಲಿಲ್ಲ. ಆದರೆ ಕೊಳೆಯುವಿಕೆಯನ್ನೇ ತಡೆಯುವ ವಸ್ತುವು ಘನತ್ಯಾಜ್ಯವನ್ನು ಕರಗಿಸಲಾರದು ಎಂಬುದು ಟ್ಯಾಂಕ್ ಬರಿದು ಮಾಡುವಾಗ ಸ್ಪಷ್ಟವಾಯಿತು: ಹಾಕಿದ ಕಾಗದ ಹೆಚ್ಚುಕಡಿಮೆ ಹಾಕಿದಂತೆಯೇ ಹೊರಬಂತು. ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ, ಫಾರ್ಮಾಲ್ಡಿಹೈಡ್ ಅಥವಾ ಬ್ರೋನೋಪಾಲ್ ಇರುವ ದ್ರಾವಣಗಳು ಶಿಬಿರತಾಣದ ಸೆಪ್ಟಿಕ್ ಟ್ಯಾಂಕಿಗೆ ಹರಿದರೆ ಅಲ್ಲಿ ಕೆಲಸ ಮಾಡುತ್ತಿರುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಲ್ಲವು. ನಮ್ಮ ಅನುಕೂಲಕ್ಕಾಗಿ ಇನ್ನೊಬ್ಬರ ಗುಂಡಿ ಕೆಡಿಸುವುದು ನನಗೆ ಸರಿಯೆನಿಸಲಿಲ್ಲ.

ಎರಡನೆಯದಾದ ಬ್ಯಾಕ್ಟೀರಿಯಾ ಮತ್ತು ಕಿಣ್ವಗಳ ಮಿಶ್ರಣವನ್ನು ಮೊದಲ ವಾರದಲ್ಲಿ ನಾನು ಅನ್ಯಾಯವಾಗಿ ಬೈದುಕೊಂಡೆ. ನೀರನ್ನು ಉಳಿಸುವ ಹಟದಲ್ಲಿ ಪ್ರತಿ ಬಾರಿಯೂ ಒಂದು ಲೋಟದಷ್ಟು ನೀರನ್ನು ಮಾತ್ರ ಬಿಡುತ್ತಿದ್ದುದರಿಂದ ಟ್ಯಾಂಕಿನ ತಳದಲ್ಲಿ ಬರೀ ಬಗ್ಗಡವೇ ಕೂತಿತ್ತು. ಒಣಗಿದ ಬಗ್ಗಡದಲ್ಲಿ ಯಾವ ಜೀವಿಯೂ ಕೆಲಸ ಮಾಡುವುದಿಲ್ಲ. ಬರಿದು ಮಾಡಿದ ಕೂಡಲೇ 15 ಲೀಟರ್ ನೀರನ್ನು ತಳಕ್ಕೆ ಸುರಿದು, ಅನಂತರವೇ ಮಿಶ್ರಣವನ್ನು ಹಾಕಿ, ಪ್ರತಿ ಬಾರಿಯೂ ಧಾರಾಳವಾಗಿ ನೀರು ಬಿಡತೊಡಗಿದ ಮೇಲೆ ಕಾಗದವು ನುಣ್ಣಗೆ ಕರಗಿ ಬರತೊಡಗಿತು. ಇದಕ್ಕೆ ಕಾಲಾವಕಾಶವೂ ಬೆಚ್ಚನೆಯ ವಾತಾವರಣವೂ ಬೇಕು; ಚಳಿ ಬಿದ್ದ ವಾರದಲ್ಲಿ ಅದು ತೂಕಡಿಸಿದ್ದನ್ನು ಕಂಡಿದ್ದೇನೆ. ಕಮೋಡ್ ತೊಳೆಯಲು ಬ್ಲೀಚ್ ಬಳಸಿದರಂತೂ ಹಾಕಿದ ಮಿಶ್ರಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗಡಸು ನೀರನ್ನು ಮೆದುವಾಗಿಸುವ ದ್ರವ ಮತ್ತು ಪಾತ್ರೆ ತೊಳೆಯುವ ಸಾಬೂನನ್ನು ಬೆರೆಸಿ ಹಾಕುವುದು ಮೂರನೆಯ ವಿಧಾನ. ಶೌಚದ ಟ್ಯಾಂಕಿನಲ್ಲಿ ಇದು ಮಾಡಿತೆಂದು ಹೇಳಿಕೊಳ್ಳುವಂಥ ಬದಲಾವಣೆ ನನಗೆ ಕಾಣಲಿಲ್ಲ, ನಾತವೂ ತಗ್ಗಲಿಲ್ಲ. ಆದರೆ ಅಡುಗೆಮನೆ ಮತ್ತು ಸ್ನಾನದ ನೀರು ಸೇರುವ ಇನ್ನೊಂದು ಟ್ಯಾಂಕಿನಲ್ಲಿ ಇದೇ ಗೆದ್ದಿತು. ಅಲ್ಲಿನ ಶತ್ರು ಎಣ್ಣೆಯ ಜಿಡ್ಡು ಮತ್ತು ಸಾಬೂನಿನ ಕರೆ. ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಡನೆ ಕೂಡಿ ಕರೆಗಟ್ಟದಂತೆ ಈ ದ್ರವ ತಡೆಯುತ್ತದೆ.

ತೊಳೆಯುವ ವಿಧಾನಗಳಲ್ಲಿ ಮಂಜುಗಡ್ಡೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಡ್ಡೆಗಳು ವಾಹನದ ಕುಲುಕಾಟಕ್ಕೆ ಗೋಡೆಗಳನ್ನು ಉಜ್ಜುತ್ತವೆ ಎಂಬ ನಂಬಿಕೆಯಿದೆ; ಮಂಜು ನೀರಿನಲ್ಲಿ ತೇಲುತ್ತದೆ, ತಳದ ಬಗ್ಗಡವನ್ನು ಮುಟ್ಟುವ ಮೊದಲೇ ಕರಗುತ್ತದೆ. ಕಮೋಡಿನ ಮೂಲಕ ಇಳಿಸುವ ತಿರುಗುವ ತುದಿಯ ಕೋಲು ಕಮೋಡ್ ನೇರವಾಗಿ ಟ್ಯಾಂಕಿನ ಮೇಲೆಯೇ ಕೂತಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ನಡುವೆ ತಿರುವು ಇದ್ದರೆ ಅದು ಒಳಕ್ಕೇ ಹೋಗುವುದಿಲ್ಲ, ಹೊರತೆಗೆಯುವಾಗ ನೆಲವೂ ಹೊಲಸಾಗುತ್ತದೆ.

ಟ್ಯಾಂಕಿನೊಳಗೇ ಅಳವಡಿಸಿದ ಸಿಂಚಕ ಬಹಳ ಸುಖದ್ದು, ಹೊರಗಿನಿಂದ ಹೋಸ್ ಸಿಕ್ಕಿಸಿದರೆ ಸಾಕು. ಆದರೆ ಅದರ ನೀರು ಎದುರಿನ ಗೋಡೆಗೆ ಬೀಳುವಷ್ಟು ಬಲವಾಗಿ ಮೂಲೆಗಳಿಗೆ ಬೀಳುವುದಿಲ್ಲ. ಒಮ್ಮೆ ನಾನು ಹೊರಗಿನ ವಾಲ್ವನ್ನು ಮುಚ್ಚಿ, ನೀರು ಬಿಟ್ಟು, ಮಾತಿನಲ್ಲಿ ಮೈಮರೆತೆ. ಛಾವಣಿಯ ಗಾಳಿಕೊಳವೆಯಿಂದ ನೀರು ಉಕ್ಕುತ್ತಿರುವುದನ್ನು ಪಕ್ಕದವರು ಕೂಗಿ ತಿಳಿಸಿದರು. ಅಂದಿನಿಂದ ನಲ್ಲಿಯ ಬಳಿಯೇ ನಿಲ್ಲುತ್ತೇನೆ.

ಕೊನೆಯದು, ಹೊರಗಿನ ದಪ್ಪ ಕೊಳವೆಗೆ ಜೋಡಿಸುವ, ನೀರನ್ನು ಹಿಮ್ಮುಖವಾಗಿ ಚಿಮ್ಮಿಸುವ ಪಾರದರ್ಶಕ ಬಾಗುಕೊಳವೆ. ಟ್ಯಾಂಕನ್ನು ಅರ್ಧ ತುಂಬಿಸಿ ಒಮ್ಮೆಲೇ ವಾಲ್ವ್ ಎಳೆದರೆ ಆ ರಭಸಕ್ಕೆ ತಳದ ಬಗ್ಗಡವೂ ಕೊಚ್ಚಿಕೊಂಡು ಬರುತ್ತದೆ, ಮತ್ತು ಅದು ಕಣ್ಣಿಗೆ ಕಾಣುತ್ತದೆ. ತಿಳಿನೀರು ಬಂತೆಂದು ಸಿಂಚಕದ ತೊಳೆತವನ್ನು ನಿಲ್ಲಿಸಿದ ದಿನವೇ ಇದನ್ನು ಜೋಡಿಸಿದಾಗ, ನಾಲ್ಕನೆಯ ಸುತ್ತಿನವರೆಗೂ ಕಾಗದದ ತುಣುಕುಗಳು ಬರುತ್ತಲೇ ಇದ್ದವು. ನೀರು ಹೇರಳವಾಗಿ ಸಿಗುವ ಕಡೆ ಮಾತ್ರ ಇದು ಸಾಧ್ಯ. ಕುಡಿಯುವ ನೀರಿನ ಹೋಸನ್ನು ಇದಕ್ಕೆ ಎಂದಿಗೂ ಬಳಸಬಾರದು. ಹೊಲಸು ನೀರು ಹಿಂದಕ್ಕೆ ಹರಿಯದಂತೆ ನಲ್ಲಿಯ ಬಾಯಿಗೆ ತಡೆವಾಲ್ವ್ ಹಾಕಿರಲೇಬೇಕು.

ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವವರು ಶೌಚದ ವಾಲ್ವನ್ನು ತೆರೆದೇ ಇಟ್ಟರೆ ನೀರು ಮಾತ್ರ ಹರಿದುಹೋಗಿ, ಘನತ್ಯಾಜ್ಯವು ಕಮೋಡಿನ ಕೆಳಗೆ ಗೋಪುರದಂತೆ ಬೆಳೆದು ಗಟ್ಟಿಯಾಗುತ್ತದೆ. ಈ ತಪ್ಪನ್ನು ಮೇಲಿನ ಯಾವ ದ್ರಾವಣವೂ ಸುಲಭವಾಗಿ ಸರಿಪಡಿಸದು. ನಾನೀಗ ಕಿಣ್ವದ ಮಿಶ್ರಣವನ್ನೇ ಬಳಸುತ್ತೇನೆ, ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆಯೇ ಶೌಚದ ಟ್ಯಾಂಕನ್ನು ಬರಿದು ಮಾಡಿ, ಆಮೇಲೆ ಸ್ನಾನದ ನೀರನ್ನು ಬಿಟ್ಟು ಕೊಳವೆಯನ್ನು ತೊಳೆಯುತ್ತೇನೆ. ಸೂಚಕದ ಮೊಳೆಗಳಿಗೆ ಕಟ್ಟಿದ್ದ ಮೂತ್ರದ ಗಡಸು ಪದರವನ್ನು ಮಾತ್ರ ಇದಾವುದೂ ಬಿಡಿಸಲಿಲ್ಲ. ಬ್ಲೀಚಿನ ಸುಳಿವೂ ಇಲ್ಲದಂತೆ ತೊಳೆದು (ಬ್ಲೀಚೂ ಆಮ್ಲವೂ ಬೆರೆತರೆ ವಿಷಾನಿಲ ಹುಟ್ಟುತ್ತದೆ), ಸಿಟ್ರಿಕ್ ಆಮ್ಲದ ನೀರನ್ನು ಇಡೀ ರಾತ್ರಿ ತುಂಬಿಸಿಟ್ಟಾಗ ಕೆಳಗಿನ ಎರಡು ಮೊಳೆಗಳು ಸರಿಯಾದವು. ಮೇಲಿನದು ಇಂದಿಗೂ ಸುಳ್ಳು ಹೇಳುತ್ತಿದೆ.