ಹಡಗಿನಲ್ಲಿ ಬಂದವರೋ, ಜಾಹೀರಾತಿನಿಂದ ಬಂದವಳೋ?

ಅಪರಿಚಿತರನ್ನು ನಂಬಿ ಅಮೆರಿಕದ ಪಶ್ಚಿಮದ ಹೊಸ ನೆಲೆಗಳಿಗೆ ಹೊರಟ ಹೆಣ್ಣು ಅಲ್ಲಿ ಎಣಿಸದ ಒಲವನ್ನು ಕಂಡ ಕಥೆಯನ್ನು ಕನ್ನಡದಲ್ಲಿ ಬರೆಯಬಯಸುವವರಿಗೆ ಆಧಾರವಾಗಬಲ್ಲ ಎರಡು ನಿಜ ಪ್ರಸಂಗಗಳಿವೆ.

ಮೊದಲನೆಯದು ಸಿಯಾಟಲ್‌ನದು. ಗಂಡಸರೇ ತುಂಬಿದ್ದ ಆ ಊರಿಗೆ ಅಲ್ಲೇ ನೆಲೆಸಿದ್ದ ಏಸಾ ಮರ್ಸರ್ ಎಂಬ ಯುವಕ 1864ರಲ್ಲಿ, ಅಂತರ್ಯುದ್ಧದಿಂದ ಹತ್ತಿ ಬಾರದೆ ಗಿರಣಿಗಳು ನಿಂತಿದ್ದ ಪೂರ್ವ ಅಮೆರಿಕದ ಲೋವೆಲ್ ಪಟ್ಟಣದ ಕಡೆಯಿಂದ ಯುವತಿಯರ ಸಣ್ಣ ತಂಡವೊಂದನ್ನು ಕರೆತಂದನು. 1866ರಲ್ಲಿ ಹಡಗಿನಲ್ಲಿ ದಕ್ಷಿಣ ಅಮೆರಿಕವನ್ನು ಸುತ್ತಿ ಬಂದ ದೊಡ್ಡ ತಂಡದಲ್ಲಿದ್ದ ಆ್ಯನಿ ಸ್ಟೀಫನ್ಸ್‌ಳನ್ನು ಅವನೇ ಮದುವೆಯಾದನು. ಸಮುದ್ರಯಾನ, ಗುಂಪು, ಊರಿನ ನಿರೀಕ್ಷೆ ಎಲ್ಲವೂ ಇಲ್ಲಿ ಹೇರಳವಾಗಿವೆ. ಆದರೆ ಆ ಹೆಂಗಸರ ಮನಸ್ಸು ನಮಗೆ ಹೆಚ್ಚಾಗಿ ಇತರರ ಬರಹಗಳ ಮೂಲಕವೇ ಸಿಗುತ್ತದೆ.

ಎರಡನೆಯದು ಎಲಿನೋರ್ ಪ್ರುಯಿಟ್‌ಳದು. ಡೆನ್ವರ್‌ನಲ್ಲಿ ದುಡಿಯುತ್ತಿದ್ದ ಅವಳು 1909ರಲ್ಲಿ ಪುಟ್ಟ ಮಗಳೊಂದಿಗೆ ವಯೋಮಿಂಗ್‌ನ ಬರ್ಂಟ್ ಫೋರ್ಕ್‌ಗೆ ಹೋದದ್ದು ವಧುವಾಗಿ ಅಲ್ಲ, ಜಾಹೀರಾತಿನ ಮೂಲಕ ಗೊತ್ತಾದ ಕ್ಲೈಡ್ ಸ್ಟೂವರ್ಟ್‌ನ ಮನೆವಾರ್ತೆ ನೋಡಿಕೊಳ್ಳಲು. ಕೆಲವೇ ವಾರಗಳಲ್ಲಿ ಇಬ್ಬರೂ ಮದುವೆಯಾದರು. ಅಷ್ಟರಲ್ಲೇ ಅವಳು ತನ್ನ ಹೆಸರಿನಲ್ಲಿ ಸರ್ಕಾರಿ ಭೂಮಿಗೆ ಅರ್ಜಿ ಹಾಕಿದ್ದಳು. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂಟಿ ಹೆಂಗಸರಿಗೂ 160 ಎಕರೆಯವರೆಗೆ ಪಡೆಯುವ ಅವಕಾಶ ಕೊಟ್ಟಿತ್ತು. ಮದುವೆಯ ವಿಷಯವನ್ನು ತನ್ನ ಹಿಂದಿನ ಯಜಮಾನಿಗೆ ಬರೆದ ಪತ್ರಗಳಲ್ಲಿ ಬಹಳ ಕಾಲ ಮರೆಮಾಚಿದ್ದಳೆಂಬುದು ನನಗೆ ತುಂಬ ಪ್ರಿಯವಾದ ಸಂಗತಿ, ಏಕೆಂದರೆ ಸ್ವತಂತ್ರವಾಗಿ ನೆಲ ಗಳಿಸುವ ಹಂಬಲವೂ ಒಲವೂ ಆ ಮೌನದಲ್ಲಿ ಒಟ್ಟಿಗೆ ಇವೆ.

ಹಲವು ಪಾತ್ರಗಳ ಕಾದಂಬರಿಗೆ ಸಿಯಾಟಲ್ ಒದಗುತ್ತದೆ. ಒಬ್ಬಳ ಅಂತರಂಗವನ್ನು ಹಿಡಿಯಬೇಕೆಂದಿರುವವರು ಎಲಿನೋರ್‌ಳ ಪತ್ರಗಳನ್ನೇ ಆರಿಸಿಕೊಳ್ಳಬೇಕು.